ಕಾವಿಗೆ ದಾರಿ, ಯಂತ್ರಕ್ಕೆ ಕಾವಲು

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕೆಲಸವನ್ನು ಹತ್ತಿರ ನಿಂತು ನೋಡಿದವರಿಗೆ ಒಂದು ವಿಸ್ಮಯ ಕಾದಿರುತ್ತದೆ. ಲೇತಿನಲ್ಲಿ ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಕುಶಲಕರ್ಮಿಗಳು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಆದರೂ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಘರ್ಷಣೆಯಿಂದ ಹುಟ್ಟಿದ ಶಾಖವೇ ಇದಕ್ಕೆ ಕಾರಣ. ಲೇತನ್ನು ತಿರುಗಿಸುವ ಮೋಟಾರು ಪಡೆದ ವಿದ್ಯುಚ್ಛಕ್ತಿಯ ಒಂದು ಪಾಲು ಹೀಗೆ ಶಾಖವಾಗಿ ಮಾರ್ಪಟ್ಟಿತು. ಶಕ್ತಿಯು ನಾಶವಾಗದು, ರೂಪ ಬದಲಿಸುವುದಷ್ಟೆ ಎಂಬ ನಿಯಮಕ್ಕೆ ಇದಕ್ಕಿಂತ ಅಂದವಾದ ನಿದರ್ಶನ ಬೇಕೆ?

ಬೊಂಬೆಯ ಮೇಲೆ ಸೇವಕನಂತೆ ದುಡಿಯುವ ಈ ಶಾಖವೇ ಎಲೆಕ್ಟ್ರಾನಿಕ್ ಉಪಕರಣದ ಪೆಟ್ಟಿಗೆಯೊಳಗೆ ವೈರಿಯಾಗಬಲ್ಲದು. ರಾಮನಗರದಲ್ಲಿ ರೇಷ್ಮೆ ಗೂಡನ್ನು ತೂಗುವ ತಕ್ಕಡಿಯಿರಲಿ, ಕನಕಪುರದ ಹುಳು ಸಾಕಣೆಯ ಮನೆಯಲ್ಲಿ ಉಷ್ಣತೆಯನ್ನು ಅಳೆಯುವ ಉಪಕರಣವಿರಲಿ, ಮಾಗಡಿಯ ಹೊಲದಲ್ಲಿ ಪಂಪ್‌ಸೆಟ್ಟನ್ನು ಕಾಯುವ ಪೆಟ್ಟಿಗೆಯಿರಲಿ, ಎಲೆಕ್ಟ್ರಾನಿಕ್ ಆದುದಕ್ಕೆಲ್ಲ ಏರಿಳಿಯದ ವೋಲ್ಟೇಜು ಬೇಕು. ಅದನ್ನು ಒದಗಿಸುವ ಮಂಡಲಕ್ಕೆ ವೋಲ್ಟೇಜ್ ನಿಯಂತ್ರಕವೆಂದು ಹೆಸರು. ಈ ನಿಯಂತ್ರಕವು ಏಕೆ ಕಾಯುತ್ತದೆ, ಆ ಕಾವಿಗೆ ದಾರಿ ಹೇಗೆ, ದಾರಿ ತಪ್ಪಿದಾಗ ಕಾವಲು ಯಾವುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಏರಿಳಿತದ ಮೂಲ

ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು ಎಂದು ಪಾಠದಲ್ಲಿ ಓದಿದ್ದೇವೆ. ಈ ಅಂಕೆಯು ನೂರಕ್ಕೆ 6ರಷ್ಟು ಹೆಚ್ಚು ಕಡಿಮೆಯಾಗಬಹುದೆಂದು ನಿಯಮವೇ ಒಪ್ಪುತ್ತದೆ. ಎಂದರೆ 216ರಿಂದ 244 ವೋಲ್ಟು. ಹಳ್ಳಿಯ ಉದ್ದನೆಯ ತಂತಿಯ ಕೊನೆಯಲ್ಲಿ ಈ ಎಲ್ಲೆ ಮೀರುವುದೂ ಉಂಟು. ತಂತಿಗೆ ತನ್ನದೇ ಆದ ರೋಧವಿದೆ. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಓಡತೊಡಗಿದರೆ ಪ್ರವಾಹ ಹೆಚ್ಚಿ, ಓಮನ ನಿಯಮದಂತೆ ತಂತಿಯಲ್ಲೇ ಬಹು ಭಾಗ ವೋಲ್ಟೇಜು ಕುಸಿಯುತ್ತದೆ. ಪಂಪುಗಳು ನಿಂತಾಗ ಅದು ಮತ್ತೆ ಮೇಲೇರುತ್ತದೆ.

ಕುಸಿದ ವೋಲ್ಟೇಜಿನ ಶಕ್ತಿ ಎಲ್ಲಿಗೆ ಹೋಯಿತು? ತಂತಿಯನ್ನು ಕಾಯಿಸಲು ವೆಚ್ಚವಾಯಿತು. ಹಿರಿಯ ಇಂಜಿನಿಯರುಗಳು ಈ ಮರ್ಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕನಕಪುರದ ನೈಋತ್ಯಕ್ಕಿರುವ ಶಿವನಸಮುದ್ರದಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ಅವರು ಅದನ್ನು 30,000 ವೋಲ್ಟಿನಷ್ಟು ಎತ್ತರಕ್ಕೇರಿಸಿದ್ದು ಇದಕ್ಕಾಗಿಯೇ. ವೋಲ್ಟೇಜು ಹತ್ತು ಪಟ್ಟಾದರೆ ಅದೇ ಶಕ್ತಿಗೆ ಪ್ರವಾಹ ಹತ್ತನೆಯ ಒಂದು ಪಾಲು ಸಾಕು. ತಂತಿಯ ಶಾಖವಾದರೋ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಲೆಕ್ಕದಲ್ಲಿ ಶಾಖವೂ ಒಂದು ಬಾಬು

ಈಗ ನಮ್ಮ ಪೆಟ್ಟಿಗೆಗೆ ಬರೋಣ. 7805 ಎಂಬ ಮೂರು ಕಾಲಿನ ನಿಯಂತ್ರಕವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿದ್ಯಾರ್ಥಿಗಳು ಅಲ್ಪ ಬೆಲೆಗೆ ಕೊಳ್ಳುತ್ತಾರೆ. ಒಂದು ಕಾಲಿಗೆ ಏರಿಳಿಯುವ ವೋಲ್ಟೇಜು ಬಂದರೂ ಇನ್ನೊಂದರಲ್ಲಿ ನೆಟ್ಟಗೆ 5 ವೋಲ್ಟೇ ಹೊರಡುತ್ತದೆ. ಹೆಚ್ಚಿನ ವೋಲ್ಟೇಜನ್ನು ಅದು ತನ್ನ ಮೈಮೇಲೆ ಹೊತ್ತುಕೊಂಡು ಶಾಖವಾಗಿ ಹೊರಗೆಡಹುತ್ತದೆ. ಆದುದರಿಂದ ನಿಯಂತ್ರಕವು ಬಿಸಿಯಾದರೆ ಅದು ಕೆಟ್ಟಿದೆಯೆಂದಲ್ಲ. ಬಿಸಿಯಾಗುವುದೇ ಅದರ ಕೆಲಸ.

ಲೆಕ್ಕ ಸುಲಭವಾಗಿದೆ. ಒಳಬರುವ ಮತ್ತು ಹೊರಡುವ ವೋಲ್ಟೇಜುಗಳ ವ್ಯತ್ಯಾಸವನ್ನು ಪ್ರವಾಹದಿಂದ ಗುಣಿಸಿದರೆ ಶಾಖದ ವಾಟುಗಳು ದೊರೆಯುತ್ತವೆ. ಮನೆಯ ವಿದ್ಯುತ್ತು 230 ವೋಲ್ಟಿರುವಾಗ ನಮ್ಮ ಟ್ರಾನ್ಸ್‌ಫಾರ್ಮರು ಮತ್ತು ಡಯೋಡುಗಳು 12 ವೋಲ್ಟನ್ನು ಕೊಡುತ್ತವೆ, ಉಪಕರಣವು ಅರ್ಧ ಆಂಪೇರನ್ನು ಬೇಡುತ್ತದೆ ಎನ್ನಿ. ವ್ಯತ್ಯಾಸ 7 ವೋಲ್ಟು, ಶಾಖ 3.5 ವಾಟು. ಉಪಕರಣಕ್ಕೆ ಸಲ್ಲುವುದು ಕೇವಲ 2.5 ವಾಟು! ಬೇಡಿದವನಿಗಿಂತ ಬಡಿಸಿದವನೇ ಹೆಚ್ಚು ಉಂಡಂತಾಯಿತು.

ಹಾಗಾದರೆ 12ರ ಬದಲು 8 ವೋಲ್ಟನ್ನೇ ಏಕೆ ಕೊಡಬಾರದೆಂದು ಓದುಗರು ಕೇಳಬಹುದು. ಇಲ್ಲಿಯೇ ಹಳ್ಳಿಯ ತಂತಿಯ ತೊಡಕು ಎದುರಾಗುತ್ತದೆ. ಈ ನಿಯಂತ್ರಕಕ್ಕೆ ಹೊರಡುವ ವೋಲ್ಟೇಜಿಗಿಂತ ಸುಮಾರು 2 ವೋಲ್ಟು ಹೆಚ್ಚಾಗಿಯೇ ಒಳಬರಬೇಕು. ಸಂಜೆ ಮನೆಯ ವೋಲ್ಟೇಜು 170ಕ್ಕೆ ಕುಸಿದರೆ ನಮ್ಮ 12 ವೋಲ್ಟು ಸ್ಥೂಲವಾಗಿ 8.9 ಆಗುತ್ತದೆ, ಕೆಲಸ ನಡೆಯುತ್ತದೆ. 8 ವೋಲ್ಟನ್ನೇ ನಂಬಿದ್ದರೆ ಅದು 5.9ಕ್ಕಿಳಿದು ಉಪಕರಣ ನಿಂತುಹೋಗುತ್ತಿತ್ತು. ಕುಸಿತಕ್ಕೆಂದು ಕೂಡಿಟ್ಟ ಈ ಹೆಚ್ಚುವರಿ ವೋಲ್ಟೇಜೇ ನಡುರಾತ್ರಿ ತಂತಿಯು 260 ವೋಲ್ಟಿಗೇರಿದಾಗ ಹೊರೆಯಾಗುತ್ತದೆ. ಆಗ ಒಳಬರುವುದು 13.6 ವೋಲ್ಟು, ಶಾಖ 4.3 ವಾಟು. ಬರಗಾಲಕ್ಕೆಂದು ತೋಡಿದ ಕಾಲುವೆಗೆ ನೆರೆ ಬಂದಾಗ ನೀರನ್ನು ಹೊರಬಿಡುವ ಕೋಡಿಯೂ ಇರಬೇಕಲ್ಲವೆ?

ಕಾವಿಗೆ ದಾರಿ

ಆ ಕೋಡಿಯೇ ಹೀಟ್‌ಸಿಂಕ್, ಎಂದರೆ ರೆಕ್ಕೆಗಳುಳ್ಳ ಅಲ್ಯೂಮಿನಿಯಮ್ಮಿನ ತುಂಡು. ಶಾಖದ ಹರಿವಿಗೂ ವಿದ್ಯುತ್ತಿನ ಹರಿವಿಗೂ ಬಹಳ ಹೋಲಿಕೆಯುಂಟು. ವೋಲ್ಟೇಜಿನ ಸ್ಥಾನದಲ್ಲಿ ಉಷ್ಣತೆಯ ವ್ಯತ್ಯಾಸವನ್ನೂ, ಪ್ರವಾಹದ ಸ್ಥಾನದಲ್ಲಿ ಶಾಖದ ವಾಟುಗಳನ್ನೂ ಇಟ್ಟರೆ ಓಮನ ನಿಯಮವೇ ಇಲ್ಲಿಗೂ ಸಲ್ಲುತ್ತದೆ. ರೋಧವನ್ನು ಮಾತ್ರ ವಾಟಿಗೆ ಇಷ್ಟು ಡಿಗ್ರಿಯೆಂದು ಹೇಳುತ್ತಾರೆ.

ಹೀಟ್‌ಸಿಂಕ್ ಇಲ್ಲದ 7805ಕ್ಕೆ ಈ ಶಾಖರೋಧವು ವಾಟಿಗೆ ಸುಮಾರು 65 ಡಿಗ್ರಿ. 3.5 ವಾಟಿಗೆ 227 ಡಿಗ್ರಿಯ ಏರಿಕೆಯಾಯಿತು. ಸುತ್ತಲ ಗಾಳಿಯ 35 ಡಿಗ್ರಿಯನ್ನು ಕೂಡಿಸಿದರೆ ಒಳಗಿನ ಸಿಲಿಕಾನ್ ಚೂರು 262 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅದಕ್ಕೆ ಹಿತವಾದ ಮೇಲೆಲ್ಲೆ 125 ಡಿಗ್ರಿ. ಈಗ ಹೀಟ್‌ಸಿಂಕನ್ನು ಜೋಡಿಸೋಣ. ಚೂರಿನಿಂದ ಕವಚಕ್ಕೆ 5, ಕವಚದಿಂದ ಹೀಟ್‌ಸಿಂಕಿಗೆ 1, ಅಲ್ಲಿಂದ ಗಾಳಿಗೆ 10, ಒಟ್ಟು 16 ಡಿಗ್ರಿ. 3.5 ವಾಟಿಗೆ ಏರಿಕೆ 56. ಚೂರಿನ ಉಷ್ಣತೆ 91 ಡಿಗ್ರಿ. ನಡುರಾತ್ರಿಯ 4.3 ವಾಟನ್ನೂ 40 ಡಿಗ್ರಿಯ ಗಾಳಿಯನ್ನೂ ಒಟ್ಟಿಗೆ ಹಿಡಿದರೂ 109ನ್ನು ಮೀರದು.

ಆದರೆ ಲೆಕ್ಕದ ಗಾಳಿ ಬೇರೆ, ಕಾರ್ಖಾನೆಯ ಗಾಳಿ ಬೇರೆ. ರಾಮನಗರದ ನೂಲು ಬಿಚ್ಚುವ ಮನೆಯಲ್ಲಿ ಗೂಡುಗಳನ್ನು ಬೇಯಿಸುವ ಬಿಸಿನೀರಿನ ಆವಿ ತುಂಬಿರುತ್ತದೆ. ಕಾವು ಹೋಗಲೆಂದು ಪೆಟ್ಟಿಗೆಗೆ ತೂತು ಕೊರೆದರೆ ಆವಿ ಒಳನುಗ್ಗಿ ಬೆಸುಗೆಗಳನ್ನು ತಿನ್ನುತ್ತದೆ. ಮುಚ್ಚಿದರೆ ಕಾವು ಒಳಗೇ ಉಳಿಯುತ್ತದೆ. ಚನ್ನಪಟ್ಟಣದ ಲೇತಿನ ಬಳಿ ಮರದ ಪುಡಿಯದು ಇದೇ ಕಾಟ. ರೆಕ್ಕೆಗಳ ಮೇಲೆ ಕೂತ ಪುಡಿ ಕಂಬಳಿ ಹೊದಿಸಿದಂತಾಗುತ್ತದೆ. ಎರಡು ಕಡೆಗೂ ಸಲ್ಲುವ ಉಪಾಯ ಒಂದೇ: ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿ, ಹೀಟ್‌ಸಿಂಕನ್ನು ಅದರ ಹೊರಗೋಡೆಗೆ ಕೂಡಿಸುವುದು. ರೆಕ್ಕೆಗಳು ನೆಟ್ಟಗೆ ನಿಂತಿರಬೇಕು. ಕಾದ ಗಾಳಿ ಹಗುರಾಗಿ ಮೇಲೇರಲು, ತಣ್ಣನೆಯದು ಕೆಳಗಿನಿಂದ ಬರಲು ಆಗ ಹಾದಿ ತೆರೆಯುತ್ತದೆ. ವಾರಕ್ಕೊಮ್ಮೆ ವಿದ್ಯುತ್ತನ್ನು ನಿಲ್ಲಿಸಿ, ಒಣ ಕುಂಚದಿಂದ ಪುಡಿಯನ್ನು ಒರೆಸಿದರೆ ಸಾಕು.

ಮಾಗಡಿಯ ಬಳಿಯ ಸಾವನದುರ್ಗದ ಬಂಡೆಯೂ ನಮಗೊಂದು ಪಾಠ ಹೇಳುತ್ತದೆ. ಬೆಳಗ್ಗೆ ತಣ್ಣಗಿದ್ದ ಬಂಡೆ ನಿಧಾನವಾಗಿ ಕಾಯುತ್ತದೆ. ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುತ್ತದೆ. ಹೀಟ್‌ಸಿಂಕು ಬಂಡೆಯಷ್ಟು ಸಾವಕಾಶ ಮಾಡದಿದ್ದರೂ ತನ್ನ ಪೂರ್ಣ ಉಷ್ಣತೆಗೇರಲು ಸಮಯ ಬೇಡುತ್ತದೆ. ಐದು ನಿಮಿಷ ನಡೆಸಿ 'ಬಿಸಿಯಾಗಲಿಲ್ಲ' ಎನ್ನುವುದು ಪರೀಕ್ಷೆಯಲ್ಲ. ಪೂರ್ಣ ಹೊರೆಯಿಟ್ಟು, ಪೆಟ್ಟಿಗೆ ಮುಚ್ಚಿ, ಬೇಸಗೆಯ ಮಧ್ಯಾಹ್ನ ಒಂದೆರಡು ಗಂಟೆ ನಡೆಸಿ ನೋಡಬೇಕು. ಹೊಲದಲ್ಲಿಡುವ ಪೆಟ್ಟಿಗೆಗೆ ನೆರಳೂ ಬೇಕು.

ಯಂತ್ರಕ್ಕೆ ಕಾವಲು

ಇಷ್ಟಾದರೂ ಅಪಾಯ ತಪ್ಪಿದ್ದಲ್ಲ. ಹೊರಡುವ ತಂತಿಗಳೆರಡು ಒಂದನ್ನೊಂದು ತಾಗಿದರೆ, ಒಳಬಂದ 12 ವೋಲ್ಟೂ ನಿಯಂತ್ರಕದ ಮೈಮೇಲೆಯೇ ಬೀಳುತ್ತದೆ. 1 ಆಂಪೇರು ಹರಿದರೂ 12 ವಾಟು! ಇದಕ್ಕಾಗಿ ಚೂರಿನೊಳಗೇ ಕಾವಲುಗಾರರನ್ನು ನಿಲ್ಲಿಸಿದ್ದಾರೆ. ಮೊದಲನೆಯದು ಪ್ರವಾಹವು ಮಿತಿಮೀರದಂತೆ ತಡೆಯುತ್ತದೆ. ಮೈಮೇಲಿನ ವೋಲ್ಟೇಜು ಹೆಚ್ಚಿದಷ್ಟೂ ಆ ಮಿತಿಯನ್ನು ಇಳಿಸುತ್ತದೆ. ಎರಡನೆಯದು ಉಷ್ಣತೆಯನ್ನು ಕಾಯುತ್ತದೆ. ಅದರ ಯುಕ್ತಿ ಸೊಗಸಾಗಿದೆ. ಟ್ರಾನ್ಸಿಸ್ಟರು ಪ್ರವಾಹವನ್ನು ಬಿಡಲು 25 ಡಿಗ್ರಿಯಲ್ಲಿ ಸುಮಾರು 0.65 ವೋಲ್ಟು ಬೇಕು. ಕಾವೇರಿದಂತೆ ಈ ಬೇಡಿಕೆ ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿದು, 150 ಡಿಗ್ರಿಯಲ್ಲಿ 0.4 ವೋಲ್ಟಾಗುತ್ತದೆ. ಒಂದು ಪುಟ್ಟ ಟ್ರಾನ್ಸಿಸ್ಟರಿಗೆ ಸದಾ 0.4 ವೋಲ್ಟನ್ನು ಕೊಟ್ಟಿಟ್ಟರೆ ತಂಪಿನಲ್ಲಿ ಅದು ನಿದ್ರಿಸುತ್ತದೆ. 150 ಡಿಗ್ರಿಯಲ್ಲಿ ಎಚ್ಚೆತ್ತು ನಿಯಂತ್ರಕವನ್ನು ನಿಲ್ಲಿಸುತ್ತದೆ. ಅಮೆರಿಕದ ರಾಬರ್ಟ್ ವಿಡ್ಲರ್ ಎಂಬ ಇಂಜಿನಿಯರು 1970ರ ಆಸುಪಾಸಿನಲ್ಲಿ ರೂಪಿಸಿದ ಎಲ್‌ಎಂ109 ಎಂಬ ನಿಯಂತ್ರಕದಲ್ಲಿ ಈ ಬಗೆಯ ಉಷ್ಣರಕ್ಷಣೆಯು ಚೂರಿನೊಳಗೇ ಸೇರಿತ್ತು.

ಕಾವಲುಗಾರನೇ ಸೋತರೆ? ನಿಯಂತ್ರಕವು ಸುಟ್ಟು ಒಳಹೊರಗು ಒಂದಾದರೆ 5 ವೋಲ್ಟಿನ ಉಪಕರಣಕ್ಕೆ 12 ವೋಲ್ಟು ನುಗ್ಗುತ್ತದೆ. ಆಗಿನ ಉಪಾಯಕ್ಕೆ ಇಂಜಿನಿಯರುಗಳು ಕ್ರೋಬಾರ್, ಎಂದರೆ ಹಾರೆಯೆಂದು ಹೆಸರಿಟ್ಟಿದ್ದಾರೆ. ವೋಲ್ಟೇಜು ಮಿತಿಮೀರಿದೊಡನೆ ಥೈರಿಸ್ಟರೊಂದು ತೆರೆದುಕೊಂಡು, ತಂತಿಗಳ ನಡುವೆ ಹಾರೆ ಬಿದ್ದಂತೆ ಅವನ್ನು ಜೋಡಿಸಿಬಿಡುತ್ತದೆ. ಪ್ರವಾಹ ಹುಚ್ಚೆದ್ದು ಹರಿದು ಫ್ಯೂಸ್ ಕರಗುತ್ತದೆ, ಉಪಕರಣ ಉಳಿಯುತ್ತದೆ.

ಈ ಏರ್ಪಾಡೆಲ್ಲ ಕಡೆಗೆ ಒಂದು ಎಳೆ ಫ್ಯೂಸ್ ತಂತಿಯನ್ನು ನಂಬಿ ನಿಂತಿದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಬೇಸತ್ತು ಅಲ್ಲಿಗೆ ದಪ್ಪ ತಾಮ್ರದ ತಂತಿಯನ್ನು ಸುತ್ತುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅಂದು ಕೆಲಸವೇನೋ ನಡೆಯುತ್ತದೆ. ಆದರೆ ಕರಗಬೇಕಾದುದು ಕರಗದಿದ್ದರೆ, ಕರಗಬಾರದುದು ಕರಗುತ್ತದೆ: ಟ್ರಾನ್ಸ್‌ಫಾರ್ಮರಿನ ಸುರುಳಿ, ತಂತಿಯ ಹೊದಿಕೆ, ಕೊನೆಗೆ ಮರದ ಪುಡಿ ತುಂಬಿದ ಕೋಣೆಯೇ ಉರಿಯಬಹುದು. ಫ್ಯೂಸ್ ಹೋದರೆ ಮೊದಲು ಕಾರಣವನ್ನು ಹುಡುಕಬೇಕು. ಅದೇ ಅಳತೆಯ ಫ್ಯೂಸನ್ನೇ ಮತ್ತೆ ಹಾಕಬೇಕು. 230 ವೋಲ್ಟಿನ ಭಾಗವನ್ನು ಬಲ್ಲವರ ಸಮಕ್ಷಮದಲ್ಲಲ್ಲದೆ ವಿದ್ಯಾರ್ಥಿಗಳು ಮುಟ್ಟಬಾರದು.

ಕಾವಲಿನ ಇನ್ನೊಂದು ಕರ್ತವ್ಯವನ್ನೂ ಮರೆಯಬಾರದು. ಚಾಕಿ ಹುಳುಗಳ ಮನೆಯಲ್ಲಿ 26ರಿಂದ 28 ಡಿಗ್ರಿಯ ಉಷ್ಣತೆ ಇರಬೇಕು. ಅದನ್ನು ಕಾಯುವ ಉಪಕರಣದ ನಿಯಂತ್ರಕವು ರಾತ್ರಿ ಸದ್ದಿಲ್ಲದೆ ನಿಂತರೆ ಚೂರೇನೋ ಉಳಿಯಿತು, ಹುಳುಗಳ ಗತಿ? ತನ್ನನ್ನು ತಾನು ಉಳಿಸಿಕೊಂಡ ಯಂತ್ರವು ಮನೆಯವರನ್ನೂ ಎಬ್ಬಿಸಬೇಕು. ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಗಂಟೆಯನ್ನು ಜೋಡಿಸಿದರೆ ಆ ಕೆಲಸ ಪೂರ್ತಿಯಾಗುತ್ತದೆ.

ಇಂದು ಸ್ವಿಚಿಂಗ್ ನಿಯಂತ್ರಕಗಳು ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಕಡಿದು ಕೂಡಿಸಿ, ಅನೇಕ ವೇಳೆ ನೂರಕ್ಕೆ 80ರಿಂದ 90ರಷ್ಟು ಶಕ್ತಿಯನ್ನು ಉಪಕರಣಕ್ಕೇ ಮುಟ್ಟಿಸುತ್ತವೆ. ಶಾಖ ಕಡಿಮೆಯಾದರೂ ಇಲ್ಲವಾಗಲಿಲ್ಲ, ಲೆಕ್ಕ ತಪ್ಪಲಿಲ್ಲ. ಅರಗನ್ನು ಕರಗಿಸಿ ಬೊಂಬೆಗೆ ಬಣ್ಣವೇರಿಸುವ ಶಾಖವೇ ಫ್ಯೂಸನ್ನು ಕರಗಿಸಿ ಮನೆಯನ್ನು ಕಾಯುತ್ತದೆ. ಅದು ಎಲ್ಲಿ ಹುಟ್ಟಬೇಕು, ಯಾವ ದಾರಿ ಹಿಡಿಯಬೇಕು, ಏನನ್ನು ಕರಗಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡುವುದು ಮಾತ್ರ ನಮ್ಮ ಕೆಲಸ.