ಐಟಿಐ ಹುಡುಗರಿಗೆ ಸಿಗರೇಟು, ಎಣ್ಣೆ, ಗಾಂಜಾ ಅಂಟುವುದು ಹೇಗೆ? ಗೇಟಿನ ಮುಂದಿನ ಅಂಗಡಿಗೂ ಇದೆ ಹೊಣೆ

ಬೂಕನಕೆರೆ: ಹೋಬಳಿಯ ಹಳ್ಳಿಗಳಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರು ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಕೆ.ಆರ್.ಪೇಟೆ, ಪಾಂಡವಪುರದ ಕಡೆ ಬಸ್ ಹತ್ತುತ್ತಾರೆ. ಅವರಲ್ಲಿ ಯಾರಾದರೂ ಚಟಕ್ಕೆ ಬಿದ್ದರೆ ಊರಲ್ಲಿ ಬರುವ ಮಾತು ಒಂದೇ: ‘ಸಹವಾಸ ಸರಿ ಇಲ್ಲ ಬಿಡಿ’. ಸಹವಾಸವೂ ಕಾರಣ ಹೌದು, ಆದರೆ ಅದೊಂದೇ ಅಲ್ಲ.

ವಯಸ್ಸೇ ಅಂಥದ್ದು

2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದಲ್ಲಿ ತಂಬಾಕು ಶುರು ಮಾಡುವ ಸರಾಸರಿ ವಯಸ್ಸು 18.9. ಐಟಿಐ ಮುಗಿಸಿ ಅಪ್ರೆಂಟಿಸ್ ಸೇರುವ ಹೊತ್ತೂ ಹೆಚ್ಚುಕಮ್ಮಿ ಅದೇ. ಮನೆಯವರ ಕಣ್ಣಿಂದ ದೂರ, ಜೇಬಲ್ಲಿ ಬಸ್ ಚಾರ್ಜಿನ ಚಿಲ್ಲರೆ, ಬಸ್ಸಿಗಾಗಿ ಕಾಯುವ ಹೊತ್ತು. ಇವೆಲ್ಲ ಒಟ್ಟಿಗೆ ಸೇರುವುದು ಆಗಲೇ.

ಇದರ ಮೇಲೆ ‘ಮಾರ್ಕ್ಸ್ ಬರ್ಲಿಲ್ಲ, ಅದಕ್ಕೇ ಐಟಿಐಗೆ ಹಾಕಿದ್ವಿ’ ಅಂತ ಮನೆಯಲ್ಲೇ ಹಗುರವಾಗಿ ಆಡುವ ಮಾತು. ಮನೆಯಲ್ಲಿ ಸಿಗದ ಮರ್ಯಾದೆ ಗುಂಪಿನಲ್ಲಿ ಒಂದು ದಮ್ಮು ಎಳೆದರೆ ಸಿಗುತ್ತದೆ.

ಮನೆಯಿಂದಲೇ ಶುರು

ಬೀಡಿ ತರಲು ಮಗನನ್ನೇ ಅಂಗಡಿಗೆ ಕಳಿಸುವವರಿದ್ದಾರೆ. ಬಾಡೂಟದಲ್ಲಿ ‘ಒಂದು ಗುಟುಕು ಹಾಕೋ, ಏನಾಗಲ್ಲ’ ಎನ್ನುವವರೂ ದೊಡ್ಡವರೇ. ಗಾಂಜಾ ವಿಷಯದಲ್ಲೂ ‘ಅದು ಬರೀ ಸೊಪ್ಪು’ ಎಂಬ ತಪ್ಪು ನಂಬಿಕೆ ಇದೆ. ಆದರೆ ಗಾಂಜಾ ಗಮನವನ್ನೂ ಕೈಯ ಹಿಡಿತವನ್ನೂ ಕೆಡಿಸುತ್ತದೆ. ಲೇತ್, ಗ್ರೈಂಡರ್ ಮುಂದೆ ನಿಲ್ಲುವ ಹುಡುಗನಿಗೆ ಬೆರಳು ಕಳೆದುಕೊಳ್ಳಲು ಒಂದು ಕ್ಷಣ ಸಾಕು. ಸೇವನೆ ಸಾಬೀತಾದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು.

ಅಂಗಡಿಯವರು ಗಮನಿಸಿ

ಇಡೀ ಪ್ಯಾಕ್ ಕೊಳ್ಳಲು ವಿದ್ಯಾರ್ಥಿ ಹತ್ತಿರ ದುಡ್ಡಿರಲ್ಲ. ಬಿಡಿಯಾಗಿ ಒಂದು ಸಿಗರೇಟು ಸಿಕ್ಕರೆ ಚಟಕ್ಕೆ ದಾರಿ ಸಲೀಸು. ಅದಕ್ಕೇ 2025ರ ಮೇ ಕೊನೆಯಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಬಿಡಿ ಸಿಗರೇಟು ಮಾರಾಟವನ್ನು ನಿಷೇಧಿಸಿದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಯ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂ.ವರೆಗೆ ದಂಡ.

18 ತುಂಬದವರಿಗೆ ಮದ್ಯ, ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಅನ್ವಯ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂ.ವರೆಗೆ ದಂಡ ಇದೆ. ‘ಅಪ್ಪಂಗೆ ಬೇಕಂತೆ ಅಂದ, ಕೊಟ್ಟೆ’ ಎಂಬ ಸಬೂಬು ನಡೆಯಲ್ಲ. ಹುಡುಗ ನೋಡಲು ಚಿಕ್ಕವನಂತಿದ್ದರೆ ಆಧಾರ್ ಕೇಳುವುದೇ ಕ್ಷೇಮ.

ಬಿಡಿಸುವುದು ಹೇಗೆ?

ಹೊಡೆದರೆ, ಕಾಲೇಜು ಬಿಡಿಸಿದರೆ ಹುಡುಗ ಅದೇ ಗುಂಪಿಗೆ ಇನ್ನಷ್ಟು ಹತ್ತಿರವಾಗುತ್ತಾನೆ. ಕ್ಲಾಸಿಗೆ ಚಕ್ಕರ್, ಪದೇ ಪದೇ ದುಡ್ಡು ಕೇಳುವುದು, ರಾತ್ರಿ ನಿದ್ದೆಗೆಡುವುದು ಕಂಡರೆ ಮೊದಲು ಕೂರಿಸಿಕೊಂಡು ಮಾತಾಡಿ. ತಂಬಾಕು ಬಿಡಲು 1800-11-2356, ಮಾದಕ ವ್ಯಸನಕ್ಕೆ 14446, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416 ಉಚಿತ ಸಹಾಯವಾಣಿಗಳಿವೆ.

ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡುವವರೇ ಹೆಚ್ಚು. ಆದರೆ ಗಾಂಜಾ ಸೇವನೆ ಪ್ರಕರಣದಲ್ಲಿ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಪೂರ್ತಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ತಡ ಮಾಡದಿದ್ದರೆ ಹುಡುಗನೂ ಉಳಿಯುತ್ತಾನೆ, ಕಲಿತ ಕೆಲಸವೂ ಕೈಯಲ್ಲಿರುತ್ತದೆ.