ಗಡಿ ದಾಟಿದ ಭೌತವಿಜ್ಞಾನಿ

2024ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಾಗ, ಕೃತಕ ನರಜಾಲದ ಅಧ್ಯಯನ ಭೌತವಿಜ್ಞಾನ ಹೇಗಾದೀತು ಎಂಬ ಆಕ್ಷೇಪ ಕೇಳಿಬಂದಿತು. ಹಾಪ್‌ಫೀಲ್ಡ್ ಅವರ ವೃತ್ತಿಜೀವನವೇ ಈ ಆಕ್ಷೇಪಕ್ಕೆ ಉತ್ತರ. ಸಾರ್ವಜನಿಕ ಹಣದಿಂದ ಸಂಶೋಧನೆ ನಡೆಸುವ ನಮ್ಮಂಥ ದೇಶಕ್ಕೆ ಅದರಲ್ಲೊಂದು ಪಾಠವೂ ಇದೆ.

1933ರಲ್ಲಿ ಶಿಕಾಗೊದಲ್ಲಿ ಜನಿಸಿದ ಅವರು 1958ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಘನವಸ್ತುಗಳ ಭೌತವಿಜ್ಞಾನದಲ್ಲಿ ಹೆಸರು ಮಾಡಿದರು. 1974ರಲ್ಲಿ, ಪ್ರೋಟೀನ್ ಕಟ್ಟುವಾಗ ಜೀವಕೋಶವು ತಪ್ಪುಗಳನ್ನು ಅಷ್ಟು ವಿರಳವಾಗಿಸಿಕೊಳ್ಳುವುದು ಹೇಗೆಂಬುದಕ್ಕೆ ವಿವರಣೆ ನೀಡಿದರು. 1980ರಲ್ಲಿ ಪ್ರಿನ್ಸ್‌ಟನ್ ತೊರೆದು ಕ್ಯಾಲ್ಟೆಕ್‌ನಲ್ಲಿ ರಸಾಯನವಿಜ್ಞಾನ ಹಾಗೂ ಜೀವವಿಜ್ಞಾನದ ಪ್ರಾಧ್ಯಾಪಕರಾದರು. 1982ರಲ್ಲಿ ಅವರ ಐದು ಪುಟಗಳ ಲೇಖನವೊಂದು ಪ್ರಕಟವಾಯಿತು.

ಅದರ ತಿರುಳು ಸರಳ. ಅಯಸ್ಕಾಂತದಲ್ಲಿ ಪ್ರತಿ ಪರಮಾಣುವೂ ನೆರೆಯವುಗಳ ಪ್ರಭಾವಕ್ಕೊಳಗಾಗಿ ಮೇಲ್ಮುಖವೋ ಕೆಳಮುಖವೋ ಆಗುತ್ತದೆ. ಒಟ್ಟು ಸಮೂಹ ಕನಿಷ್ಠ ಶಕ್ತಿಯ ಸ್ಥಿತಿಗೆ ಬಂದು ನಿಲ್ಲುತ್ತದೆ. ನರಕೋಶವನ್ನೂ ಹಾಗೆಯೇ ಎರಡೇ ಸ್ಥಿತಿಗಳುಳ್ಳ ಘಟಕವೆಂದು ಹಾಪ್‌ಫೀಲ್ಡ್ ಭಾವಿಸಿದರು. ಕೋಶಗಳ ನಡುವಿನ ಸಂಪರ್ಕಗಳನ್ನು ತಕ್ಕಂತೆ ಹೊಂದಿಸಿದರೆ ಪ್ರತಿ ನೆನಪೂ ಶಕ್ತಿಯ ಭೂಪಟದಲ್ಲಿ ಒಂದು ಕಣಿವೆಯಾಗುತ್ತದೆ. ಹಾಡಿನ ಒಂದು ತುಣುಕು ಕಿವಿಗೆ ಬಿದ್ದರೆ ಇಡೀ ಪಲ್ಲವಿ ನೆನಪಾಗುವಂತೆ, ಅರೆಬರೆ ಸುಳಿವು ಕೊಟ್ಟರೆ ಜಾಲವು ಉರುಳುವ ಚೆಂಡಿನಂತೆ ಹತ್ತಿರದ ಕಣಿವೆಗೆ ಇಳಿಯುತ್ತದೆ. ಇದಕ್ಕೊಂದು ಮಿತಿಯೂ ಉಂಟು: ನೂರು ಕೋಶಗಳ ಜಾಲ ಸುಮಾರು ಹದಿನೈದು ನೆನಪುಗಳನ್ನು ಹಿಡಿದಿಡಬಲ್ಲದು, ಅದಕ್ಕೂ ಮೀರಿದರೆ ಎಲ್ಲವೂ ಕಲಸಿಹೋಗುತ್ತವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಅಪರಿಚಿತವೆನಿಸಲಿಲ್ಲ. ಮಾರುಕಟ್ಟೆಯ ಬೆಲೆಯನ್ನು ಯಾವ ಒಬ್ಬ ವ್ಯಾಪಾರಿಯೂ ನಿರ್ಧರಿಸುವುದಿಲ್ಲ. ಅದು ಎಲ್ಲರ ವ್ಯವಹಾರಗಳಿಂದ ಮೂಡುತ್ತದೆ. ನೆನಪು ಕೂಡ ಯಾವುದೇ ಒಂದು ಕೋಶದಲ್ಲಿಲ್ಲ, ಸಂಬಂಧಗಳಲ್ಲಿದೆ.

ಸರ್ಕಾರಿ ಕಡತಗಳ ನಡುವೆ ದಶಕಗಳನ್ನು ಕಳೆದವನಾಗಿ ಒಂದು ಮಾತು ಹೇಳಬಯಸುತ್ತೇನೆ. ಅನುದಾನದ ಪ್ರಸ್ತಾವ ಬಂದೊಡನೆ ನಾವು ಕೇಳುವುದು: ಯಾವ ವಿಭಾಗ, ಯಾವ ಲೆಕ್ಕಶೀರ್ಷಿಕೆ, ಏನು ಉಪಯೋಗ? ತೆರಿಗೆದಾರರ ಹಣಕ್ಕೆ ಉತ್ತರ ಹೇಳಬೇಕಾದ್ದರಿಂದ ಈ ಪ್ರಶ್ನೆಗಳು ಅನುಚಿತವಲ್ಲ. ಆದರೆ 1982ರಲ್ಲಿ ಹಾಪ್‌ಫೀಲ್ಡ್ ಅವರ ಲೇಖನಕ್ಕೆ ಈ ಮೂರಕ್ಕೂ ಸಮಾಧಾನಕರ ಉತ್ತರ ಸಿಗುತ್ತಿರಲಿಲ್ಲ. ಉಪಯೋಗ ಕಣ್ಣಿಗೆ ಕಾಣಲು ದಶಕಗಳೇ ಬೇಕಾದವು. ಕಂಡಾಗ ಅದರೊಡನೆ ಆತಂಕವೂ ಬಂದಿತು: ಬೃಹತ್ ಕೃತಕ ಬುದ್ಧಿಮತ್ತೆ ಪ್ರಯೋಗಗಳಿಗೆ ವಿರಾಮ ಕೋರಿದ 2023ರ ಬಹಿರಂಗ ಪತ್ರಕ್ಕೆ ಅವರೂ ಸಹಿ ಹಾಕಿದ್ದರು.

ಪ್ರತಿ ಸಂಶೋಧನಾ ಸಂಸ್ಥೆಯ ಆಯವ್ಯಯದಲ್ಲಿ ಸಣ್ಣದೊಂದು ಪಾಲನ್ನು ಯಾವ ವಿಭಾಗಕ್ಕೂ ಸೇರದ ಪ್ರಶ್ನೆಗಳಿಗೆ ಮೀಸಲಿಡಬೇಕು. ಅದನ್ನು ಪ್ರಸ್ತಾವದ ಉಪಯೋಗ ನೋಡಿ ಹಂಚದೆ, ಸಂಶೋಧಕರ ಹಿಂದಿನ ಸಾಧನೆ ನೋಡಿ ಹಂಚಬೇಕು. ಎರಡು ವಿಭಾಗಗಳಿಗೆ ಸೇರಿದ ಜಂಟಿ ಹುದ್ದೆಗಳಿಗೆ ನೇಮಕಾತಿ ನಿಯಮಗಳಲ್ಲಿ ದಾರಿ ಮಾಡಿಕೊಡಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಬೇಕಾದದ್ದು ದೀರ್ಘಕಾಲ ಕಾಯುವ ತಾಳ್ಮೆ.