ಗಾಳಕ್ಕೆ ಸುತ್ತಿದ ಕೂದಲನ್ನು ಮೀನು ನುಂಗಲು ಹೋಗುವುದೇಕೆ?

ಗಾಳಕ್ಕೆ ಒಂದಿಷ್ಟು ಕೂದಲು ಸುತ್ತಿ ನೀರಿಗೆ ಎಸೆಯುತ್ತಾರೆ. ಎರಡು ಸಲ ಎಳೆಯುವಷ್ಟರಲ್ಲಿ ತೋಳುದ್ದದ ಮೀನು ಬಾಯಿ ಹಾಕುತ್ತದೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಎರೆಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ, ವಾಸನೆಯೂ ಇಲ್ಲ. ಆ ಕೂದಲಿಗೆ ಏನೋ ಮದ್ದು ಹಚ್ಚಿರಬೇಕು ಅಂತ ಕೆಲವರಿಗೆ ಅನುಮಾನ. ಮೀನಿಗೆ ಮೂರು ಸೆಕೆಂಡಿನ ನೆನಪು ಮಾತ್ರ, ಪೆದ್ದು ಪ್ರಾಣಿ, ಅದಕ್ಕೇ ಮೋಸ ಹೋಗುತ್ತದೆ ಅಂತ ಇನ್ನು ಕೆಲವರು. ಎರಡೂ ಸುಳ್ಳು. ಕೆಲಸ ಮಾಡುವುದು ಸರಿಯಾದ ಜಾಗದಲ್ಲಿ ಕಟ್ಟಿದ ಒಂದು ಚಿಕ್ಕ ತೂಕ.

ಇದರ ಹೆಸರು ಕ್ಲೌಸರ್ ಮಿನ್ನೋ. ಮಿನ್ನೋ ಅಂದರೆ ದೊಡ್ಡ ಮೀನುಗಳು ತಿನ್ನುವ ಸಣ್ಣ ಮೀನು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಸ್ಕ್ವೆಹಾನಾ ನದಿಯ ಮೀನುಗಾರ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಬೇಟೆಗಾರ ಮೀನಿಗಾಗಿ ಇದನ್ನು ಕಟ್ಟಿದರು. ಲೆಫ್ಟಿ ಕ್ರೇ ಎಂಬ ಹೆಸರಾಂತ ಆಂಗ್ಲರ್ ಅದರ ಬಗ್ಗೆ ಬರೆದ ಮೇಲೆ ಊರೂರಿಗೆ ಹಬ್ಬಿತು. ಈಗ ನದಿಯಲ್ಲೂ ಸಮುದ್ರದಲ್ಲೂ ಇದನ್ನು ಎಸೆಯುತ್ತಾರೆ.

ಕೈಯಲ್ಲಿ ಹಿಡಿದು ನೋಡಿದರೆ ಇದು ಮೀನಿನಂತೆ ಕಾಣುವುದೇ ಇಲ್ಲ. ರೆಕ್ಕೆ, ಹುರುಪೆ ಏನೂ ಇಲ್ಲ. ನೀರೊಳಗೆ ಕಥೆ ಬೇರೆ. ಮುಂಭಾಗದಲ್ಲಿ ಡಂಬೆಲ್ ಆಕಾರದ ಎರಡು ಲೋಹದ ಗುಂಡು ಇರುತ್ತವೆ. ಅವೇ ಕಣ್ಣು, ಅವೇ ತೂಕ. ದಾರ ಎಳೆದಾಗ ಇದು ಮೇಲಕ್ಕೆ ಜಿಗಿಯುತ್ತದೆ, ಬಿಟ್ಟ ಕೂಡಲೇ ಮೂತಿ ಕೆಳಗೆ ಮಾಡಿ ಮುಳುಗುತ್ತದೆ. ಏಳುವುದು, ಬೀಳುವುದು, ಮತ್ತೆ ಏಳುವುದು. ಗಾಯಗೊಂಡ ಅಥವಾ ಸುಸ್ತಾದ ಮೀನು ಹೀಗೇ ಈಜುತ್ತದೆ. ಬೇಟೆಗಾರ ಮೀನಿಗೆ ಕಡಿಮೆ ಶ್ರಮದಲ್ಲಿ ಸಿಗುವ ಊಟ ಅದು.

ಬಣ್ಣಕ್ಕೂ ಕಾರಣ ಇದೆ. ಬಹಳಷ್ಟು ಸಣ್ಣ ಮೀನುಗಳ ಬೆನ್ನು ಗಾಢ, ಹೊಟ್ಟೆ ಬಿಳಿ. ಅವುಗಳ ಮೈ ಮಿಂಚುವುದು ಚರ್ಮದಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಹರಳುಗಳಿಂದ. ಫ್ಲೈನಲ್ಲಿ ಆ ಕೆಲಸವನ್ನು ಐದಾರು ಎಳೆ ಮಿಂಚುದಾರ ಮಾಡುತ್ತದೆ. ಜೊತೆಗೆ ಮೀನಿನ ಮೈಯ ಎರಡೂ ಬದಿಯಲ್ಲಿ ನೀರಿನ ಅಲುಗಾಟವನ್ನು ಗುರುತಿಸುವ ಗೆರೆ ಇರುತ್ತದೆ, ಹತ್ತಿರದ ಚಲನೆ ಅದಕ್ಕೆ ಗೊತ್ತಾಗುತ್ತದೆ. ಮೀನಿಗೆ ಕೈ ಇಲ್ಲ, ಅನುಮಾನ ಬಂದ ವಸ್ತುವನ್ನೂ ಬಾಯಲ್ಲೇ ಹಿಡಿದು ನೋಡಬೇಕು. ಗಟ್ಟಿ ಅನ್ನಿಸಿದರೆ ಕ್ಷಣದಲ್ಲಿ ಉಗುಳುತ್ತದೆ. ವಾಸನೆ, ರುಚಿಯನ್ನು ನೆಚ್ಚಿ ಆಹಾರ ಹುಡುಕುವ ಬೆಕ್ಕುಮೀನಿನಂಥವಕ್ಕೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಎರೆಹುಳವೇ ಮೇಲು.

ಇನ್ನು ಪೆದ್ದುತನದ ಮಾತು. ಬ್ಯೂಕೆಮಾ ಎಂಬ ಡಚ್ ವಿಜ್ಞಾನಿ 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೃತಕ ಬೇಟಿಗೆ ಒಮ್ಮೆ ಸಿಕ್ಕಿಬಿದ್ದ ಪೈಕ್ ಮೀನುಗಳು ಮತ್ತೆ ಅದರ ತಂಟೆಗೆ ಹೋಗುವುದು ತುಂಬ ಕಡಿಮೆಯಾಯಿತು. ಜೀವಂತ ಮೀನನ್ನು ಗಾಳಕ್ಕೆ ಸಿಕ್ಕಿಸಿದಾಗ ಮಾತ್ರ ಆ ಎಚ್ಚರ ಕಾಣಲಿಲ್ಲ. ಮೂರು ಸೆಕೆಂಡಿನ ನೆನಪಿಗೆ ಇದು ಸಾಧ್ಯವೇ?

ಕಟ್ಟಲು ಕೂರುವ ಮೊದಲು

ವಿಡಿಯೋ ನೋಡಿ ನಮ್ಮಲ್ಲೂ ಮಾಡೋಣ ಅನ್ನುವವರು ಒಂದು ವಿಷಯ ಗಮನಿಸಬೇಕು. ಅಮೆರಿಕದಲ್ಲಿ ಬಳಸುವುದು ಅಲ್ಲಿನ ಬಿಳಿಬಾಲದ ಜಿಂಕೆಯ ಬಾಲದ ಕೂದಲು. ಅಲ್ಲಿ ಆ ಜಿಂಕೆಯ ಬೇಟೆಗೆ ಪರವಾನಗಿ ಸಿಗುತ್ತದೆ. ನಮ್ಮಲ್ಲಿ ಚುಕ್ಕೆ ಜಿಂಕೆ, ಕಡವೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳ ಚರ್ಮ, ಬಾಲ ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ. 'ಜಿಂಕೆ ಬಾಲ ತನ್ನಿ' ಅನ್ನುವ ಸಾಲನ್ನು ಕನ್ನಡಕ್ಕೆ ಮಾಡಿ ಹತ್ತು ಗ್ರೂಪಿಗೆ ಕಳಿಸಿದರೆ, ಯಾರೋ ಹುಡುಗ ನಿಜಕ್ಕೂ ಹುಡುಕಿಕೊಂಡು ಹೋಗಬಹುದು. ಮೇಕೆಯ ಉದ್ದ ಕೂದಲು ಸಾಕು. ಇಲ್ಲದಿದ್ದರೆ ಕ್ರಾಫ್ಟ್ ಅಂಗಡಿಯ ಸಿಂಥೆಟಿಕ್ ನಾರು ಆದೀತು.

ಕಣ್ಣಿಗೆ ಸೀಸವೂ ಬೇಡ. ಕಳೆದುಹೋದ ಸೀಸದ ತುಂಡನ್ನು ನೀರುಹಕ್ಕಿ ನುಂಗಿದರೆ ವಿಷವೇರುತ್ತದೆ. ಹಂಸಗಳು ಹೀಗೆ ಸತ್ತ ಮೇಲೆ ಬ್ರಿಟನ್ 1987ರಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ತೂಕಗಳ ಮಾರಾಟವನ್ನೇ ನಿಷೇಧಿಸಿತು. ಹಿತ್ತಾಳೆ ಕಣ್ಣು ತುಸು ಹಗುರ, ಆದರೆ ನಡೆಯುತ್ತದೆ.

ಎಲ್ಲಿ ಎಸೆಯಬೇಕು ಅನ್ನುವುದೂ ಮುಖ್ಯ. ಕಾವೇರಿ ವನ್ಯಜೀವಿಧಾಮದಲ್ಲಿ ಗಾಳ ಹಾಕುವಂತಿಲ್ಲ. ಭೀಮೇಶ್ವರಿ ಕಡೆ ಹಿಂದೆ ನಡೆಯುತ್ತಿದ್ದ ಮಹಶೀರ್ ಶಿಬಿರಗಳು ನಿಂತಿವೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅತ್ಯಂತ ಹತ್ತಿರದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅನುಮತಿ ಇರುವ ಕೆರೆಯ ಮುರ್ರೆಲ್ ಮೀನಿಗೆ ಪ್ರಯತ್ನಿಸಿ.

ಕಟ್ಟುವುದು ಹೀಗೆ

2 ಅಥವಾ 4ನೇ ನಂಬರಿನ ಗಾಳವನ್ನು ವೈಸಿಗೆ ಸಿಕ್ಕಿಸಿ. ಮೊನೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನನ್ನು ಬಿಡಿಸುವುದು ಸುಲಭ. ಗಾಳ ನಿಮ್ಮ ಕಿವಿಗೇ ಸಿಕ್ಕರೂ ಸುಲಭ. ಗಾಳದ ನೇರ ಕಡ್ಡಿಗೆ ದಾರ ಸುತ್ತಿ, ಮುಂದಿನ ಉಂಗುರದಿಂದ ಸುಮಾರು ಮೂರನೇ ಒಂದು ಭಾಗ ಹಿಂದಕ್ಕೆ, ಡಂಬೆಲ್ ಕಣ್ಣನ್ನು ಅಡ್ಡಲಾಗಿ ಇಡಿ. ಇಡಬೇಕಾದದ್ದು ಕಡ್ಡಿಯ ಮೇಲ್ಭಾಗಕ್ಕೆ, ಅಂದರೆ ಮೊನೆ ಇರುವ ಬದಿಗೆ ವಿರುದ್ಧವಾಗಿ. ಇಂಗ್ಲಿಷ್ ಎಂಟರ ಆಕಾರದಲ್ಲಿ ಹತ್ತಿಪ್ಪತ್ತು ಸುತ್ತು ಬಿಗಿಯಾಗಿ ಹಾಕಿ, ಒಂದು ಹನಿ ಸೂಪರ್ ಗ್ಲೂ ಬಿಡಿ. ಈ ಜಾಗ ಸಡಿಲಾದರೆ ಉಳಿದ ಶ್ರಮವೆಲ್ಲ ನೀರುಪಾಲು.

ಬೆಂಕಿಕಡ್ಡಿ ದಪ್ಪದ ಬಿಳಿ ಕೂದಲಿನ ಎಳೆ ತೆಗೆದುಕೊಳ್ಳಿ. ಗಾಳದ ಎರಡರಿಂದ ಎರಡೂವರೆ ಪಟ್ಟು ಉದ್ದ ಇರಲಿ. ಬುಡವನ್ನು ಕಣ್ಣಿನ ಮುಂದೆ ಕಟ್ಟಿ, ಕೂದಲನ್ನು ಎರಡು ಗುಂಡುಗಳ ನಡುವಿನ ತಗ್ಗಿನಲ್ಲಿ ಹಾಯಿಸಿ, ಕಣ್ಣಿನ ಹಿಂದೆಯೂ ಒಮ್ಮೆ ಕಟ್ಟಿ. ಇದು ಹೊಟ್ಟೆ. ಈಗ ಗಾಳವನ್ನು ತಲೆಕೆಳಗು ಮಾಡಿ. ಮೊನೆ ಮೇಲೆ ಬಂದ ಆ ಬದಿಗೆ ಮಿಂಚುದಾರ, ಅದರ ಮೇಲೆ ಗಿಣಿಹಸಿರು ಅಥವಾ ಕಂದು ಕೂದಲನ್ನು ಕಣ್ಣಿನ ಮುಂದೆ ಮಾತ್ರ ಕಟ್ಟಿ. ಇದು ಬೆನ್ನು, ಮೊನೆಯನ್ನೂ ಮರೆಮಾಡುತ್ತದೆ. ಗಂಟು ಬಿಗಿದು ಬಣ್ಣವಿಲ್ಲದ ಉಗುರುಪಾಲಿಶ್ ಹಚ್ಚಿದರೆ ಮುಗಿಯಿತು.

ಎಲ್ಲರೂ ಮಾಡುವ ತಪ್ಪು ಕೂದಲು ಹೆಚ್ಚು ಹಾಕುವುದು. ನೋಡಲು ತುಂಬಿಕೊಂಡು ಚೆನ್ನಾಗಿರುತ್ತದೆ, ಆದರೆ ನೀರಲ್ಲಿ ಬೇಗ ಮುಳುಗದು, ಬಳುಕದು. ಆರ್‌ಪಾರ್ ಕಾಣುವಷ್ಟು ತೆಳ್ಳಗಿರಲಿ. ಎಸೆಯುವಾಗ ಟೋಪಿ, ಕನ್ನಡಕ ಹಾಕಿಕೊಳ್ಳಿ. ಲೋಹದ ಗುಂಡು ತಲೆಯ ಹಿಂದಿನಿಂದ ಜೋರಾಗಿ ಹಾರಿ ಬರುತ್ತದೆ.

ಕೆರೆಗೆ ಹೋಗುವ ಮೊದಲು ದಾರಕ್ಕೆ ಕಟ್ಟಿ ಬಕೆಟ್ ನೀರಿನಲ್ಲಿ ಇಳಿಬಿಟ್ಟು ಎಳೆದು ನೋಡಿ. ಮೊನೆ ಮೇಲಕ್ಕೆ ತಿರುಗಿದ್ದರೆ ಸರಿ: ಕಲ್ಲಿಗೆ, ಕಳೆಗೆ ಸಿಕ್ಕುವುದು ಕಡಿಮೆ, ಹೆಚ್ಚಾಗಿ ಮೀನಿನ ಮೇಲ್ದವಡೆಗೇ ಚುಚ್ಚುತ್ತದೆ. ಕೆಳಕ್ಕೆ ತಿರುಗಿದ್ದರೆ ಕಣ್ಣನ್ನು ತಪ್ಪು ಬದಿಗೆ ಕಟ್ಟಿದ್ದೀರಿ, ಬ್ಲೇಡಿನಿಂದ ಬಿಚ್ಚಿ ಮತ್ತೆ ಶುರುಮಾಡಬೇಕು.